ಹೂಜಿಗೆ ಹೋದ ಇರುವೆಗಳು

ಶ್ರಾವಣದ ಕಡೆಯ ಶನಿವಾರ ಬೆಳಿಗ್ಗೆ, ಬಚ್ಚಲಿನ ಕಿಟಕಿಕಟ್ಟೆಯ ಮೇಲಿದ್ದ ಹೂಜಿ ಗಿಡಕ್ಕೆ ಬ್ಯಾಟರಿ ನೀರು ಹಾಕುತ್ತಿದ್ದ ಸಾತಲಿಂಗಪ್ಪನ ಲಕ್ಷ್ಯ ತಪ್ಪಿ, ನೀರು ಕುಂಡದೊಳಗೆ ಬೀಳದೆ ಗೋಡೆಗುಂಟ ಇಳಿಯಿತು. ಇವತ್ತು ಅಕ್ಕಲಕೋಟೆಯಲ್ಲಿ ಅವನು ಒಂದೇ ಶಬ್ದವನ್ನು ಮೂರು ಸಲ ಹೇಳಬೇಕಾಗಿತ್ತು. ಮುಟ್ಟಿತು, ಮುಟ್ಟಿತು, ಮುಟ್ಟಿತು. ಅಷ್ಟೇ. ನಲವತ್ತಾರು ವರ್ಷದ ಬಾಳಿನಲ್ಲಿ ಗಿರಾಕಿಗಳಿಗೆ, ಅಣ್ಣನಿಗೆ, ಕಟ್ಟಿಕೊಂಡ ಹೆಂಡತಿಗೆ ಎಷ್ಟೋ ಸುಳ್ಳು ಹೇಳಿದವನಿಗೆ, ಬಣ್ಣ ಬಿಡುವ ಟವೆಲನ್ನು ಬಣ್ಣ ಹೋಗೂದಿಲ್ಲರಿ ಎಂದು ಕಣ್ಣು ಪಿಳುಕಿಸದೆ ಮಾರಿದವನಿಗೆ ಇದೇನು ದೊಡ್ಡ ಮಾತು? ಆದರೂ ಆ ಶಬ್ದ ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನ ಹಾಗೆ ವಾರದಿಂದ ಕಾಡುತ್ತಿತ್ತು, ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಗಿಡಕ್ಕೆ ನಾಲ್ಕು ಹೂಜಿಗಳಿದ್ದವು. ಎಲೆಯ ತುದಿಯಿಂದ ಒಂದು ಬಳ್ಳಿ ಇಳಿದು, ಆ ಬಳ್ಳಿಯ ತುದಿ ಉಬ್ಬಿ, ಉಬ್ಬಿದ್ದು ಗೇಣುದ್ದದ ಹೂಜಿಯಾಗಿ, ಅದಕ್ಕೊಂದು ಮುಚ್ಚಳ ಬೇರೆ. ನಾಲ್ಕನೆಯದರ ಮುಚ್ಚಳ ಇನ್ನೂ ತೆರೆದಿರಲಿಲ್ಲ. ತೆರೆದ ಮೂರರ ಬಾಯಂಚು ಕೆಂಪಗೆ ಜಿಗಿಜಿಗಿ ಹೊಳೆಯುತ್ತಿತ್ತು. ಅವನು ದೊಡ್ಡದನ್ನು ಬೆರಳಿನಿಂದ ಓರೆಮಾಡಿ ಒಳಗೆ ನೋಡಿದ. ತಳದಲ್ಲಿ ಚಹಾ ಸೋಸಿದ ಮೇಲೆ ಉಳಿಯುವ ಗಸಿಯ ಹಾಗೆ ಕರ್ರಗೆ ಇರುವೆಗಳು ನಿಂತಿದ್ದವು. ನೋಡಬಾರದಿತ್ತು ಅನ್ನಿಸಿತು. ದಿನಾಲೂ ಹಾಗೇ ಅನ್ನಿಸುತ್ತಿತ್ತು, ದಿನಾಲೂ ನೋಡುತ್ತಿದ್ದ. ಒಳಗಿನಿಂದ ಅಕ್ಕ ಮುಕ್ತಾಬಾಯಿ, ಎಂಟರ ಗಾಡಿ ತಪ್ಪುತ್ತದೆ, ಗಿಡಕ್ಕೆ ಸ್ನಾನ ಮಾಡಿಸಿದ್ದು ಸಾಕು, ನಿನ್ನ ಸ್ನಾನ ಮಾಡು ಎಂದು ಕೂಗಿದಳು. ಅವಳ ದನಿಯಲ್ಲಿ ಇವತ್ತು ಮದುವೆಮನೆಯ ಹುರುಪಿತ್ತು.

ಏಳೂವರೆ ವರ್ಷದ ವ್ರತ ಇವತ್ತಿಗೆ ಮುಗಿಯುವುದಿತ್ತಲ್ಲ, ಹುರುಪು ಇರದೆ ಏನು. ಮುಕ್ತಾಬಾಯಿ ಅವನಿಗಿಂತ ಹದಿನೆಂಟು ವರ್ಷಕ್ಕೆ ದೊಡ್ಡವಳು. ಅಕ್ಕಲಕೋಟೆಗೆ ಕೊಟ್ಟಿದ್ದರು, ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ಒಂದು ತಗಡಿನ ಟ್ರಂಕು ಹಿಡಿದುಕೊಂಡು ಸೊಲ್ಲಾಪುರದ ತವರಿಗೆ ಬಂದಾಗ ಸಾತಲಿಂಗಪ್ಪ ವರ್ಷದ ಕೂಸು, ಹಡೆದವ್ವ ಆಗತಾನೇ ಸತ್ತಿದ್ದಳು. ಆ ಟ್ರಂಕನ್ನು ಕೆಳಗಿಟ್ಟು ಇವನನ್ನು ಎತ್ತಿಕೊಂಡವಳು ಇನ್ನೂ ಇಳಿಸಿರಲಿಲ್ಲ ಎಂದರೆ ಸುಳ್ಳಲ್ಲ. ಅವನ ಹೆಂಡತಿ ಉಮಾಬಾಯಿ ಪಂಚಮಿ ಹಬ್ಬಕ್ಕೆಂದು ವಾಗದರಿಯ ತವರಿಗೆ ಹೋದಳು, ಜೋಕಾಲಿ ಬಿಚ್ಚಿದ ಮೇಲೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಕರೆಯಹೋದ ಅಣ್ಣ ಕಲ್ಯಾಣಪ್ಪನಿಗೆ ಅವಳು ಹೇಳಿ ಕಳಿಸಿದ ಮಾತು ಇಷ್ಟೇ: ನಿಮ್ಮ ತಮ್ಮನ ಜೋಡಿ ಮಾತಾಡುವುದೆಂದರೆ ಬಾವಿಗೆ ಕಲ್ಲು ಒಗೆದಂತೆ, ಸಪ್ಪಳಕ್ಕೆ ಕಾದು ಕಾದು ನನ್ನ ಕಿವಿ ಸೋತಿವೆ. ಬಡಿದಿಲ್ಲ, ಬೈದಿಲ್ಲ, ಕುಡಿದಿಲ್ಲ, ಇಂಥ ಗಂಡನನ್ನು ಬಿಟ್ಟು ಯಾರಾದರೂ ಹೋಗುತ್ತಾರೆಯೇ ಎಂದು ಪೇಟೆಯ ಮಂದಿಯೆಲ್ಲ ಮಾತಾಡಿತು. ಮುಕ್ತಾಬಾಯಿ ಮಾತ್ರ ಉಮಾಬಾಯಿಯ ಮೇಲೂ ತಪ್ಪು ಹೊರಿಸಲಿಲ್ಲ, ತಮ್ಮನ ಮೇಲೂ ಹೊರಿಸಲಿಲ್ಲ. ನೆಟ್ಟಗೆ ಅಕ್ಕಲಕೋಟೆಗೆ ಹೋಗಿ, ಪಂಚಾಂಗದ ಅಯ್ಯನವರ ಮುಂದೆ ಕೂತು, ತಪ್ಪನ್ನೆಲ್ಲ ಶನಿಯ ಮೇಲೆ ಹೊರಿಸಿಕೊಂಡು ಬಂದಳು. ಮಿಥುನ ರಾಶಿಗೆ ಸಾಡೇಸಾತಿ. ಏಳೂವರೆ ವರ್ಷ ದಿನಾ ಹೊತ್ತು ಮೂಡುವಾಗ ಇರುವೆಗಳಿಗೆ ಒಂದು ಹಿಡಿ ಸಕ್ಕರೆ ಕಲಸಿದ ರವೆ ಹಾಕಬೇಕು, ಯಾರ ಸಲುವಾಗಿ ಹಾಕುತ್ತೀಯೋ ಅವರ ಹೆಸರನ್ನು ಬಾಯಿಬಿಟ್ಟು ಹೇಳಬೇಕು, ಇರುವೆಗೆ ಕಿವಿ ಸಣ್ಣದು, ಮನಸ್ಸಿನಲ್ಲಿ ಅಂದುಕೊಂಡರೆ ಕೇಳಿಸುವುದಿಲ್ಲ ಎಂದು ಅಯ್ಯನವರು ಹೇಳಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ಹಿತ್ತಲಿನ ಕರಿಬೇವಿನ ಗಿಡದ ಬುಡದಿಂದ ಅವನ ಹೆಸರು ಕೇಳಿಬರುತ್ತಿತ್ತು. ನಮ್ಮ ಸಾತಲಿಂಗಗ ಛಲೋ ಆಗಲಿ, ಬರ್ರಿ, ತಿನ್ರಿ. ಮೊದಮೊದಲು ಅವನಿಗೆ ನಾಚಿಕೆಯಾಗುತ್ತಿತ್ತು. ಆಚೆಮನೆಯ ಕಸ್ತೂರಬಾಯಿ ಗೋಡೆಯ ಮೇಲಿಂದ ಇಣುಕಿ ನಗುತ್ತಿದ್ದಳು. ಬಚ್ಚಲಲ್ಲಿ ಮೈಗೆ ನೀರು ಹಾಕಿಕೊಳ್ಳುತ್ತ, ಇದು ಯಾವಾಗ ಮುಗಿಯುತ್ತದೋ ಎಂದು ಅವನು ಹಲ್ಲು ಕಡಿಯುತ್ತಿದ್ದ. ಬರಗಾಲದ ವರ್ಷ ರೇಶನ್ ಸಕ್ಕರೆ ಸಿಗದಾದಾಗ ಅಕ್ಕ ತನ್ನ ಚಹಾಕ್ಕೆ ಬೆಲ್ಲ ಹಾಕಿಕೊಂಡು ಇರುವೆಗಳಿಗೆ ಸಕ್ಕರೆ ಉಳಿಸಿದ್ದನ್ನು ಕಂಡ ಮೇಲೆ ಹಲ್ಲು ಕಡಿಯುವುದನ್ನು ಬಿಟ್ಟ.

ಗಿಡ ಬಂದದ್ದು ಆ ಬರಗಾಲ ಮುಗಿದ ಮೇಲೆ. ಅಣ್ಣನ ಚಾದರ್ ಅಂಗಡಿಗೆ ಮಾಲು ಒಯ್ಯಲು ಶಿಲ್ಲಾಂಗಿನ ಒಬ್ಬ ವ್ಯಾಪಾರಿ ಬಂದಿದ್ದ. ಅಣ್ಣನ ಮಕ್ಕಳು ಗಾದಿಯ ಮೇಲೆ ಕೂತು ಮಾತಿನಲ್ಲಿ ಗಿರಾಕಿಯನ್ನು ತೇಲಿಸಿ ಮುಳುಗಿಸುತ್ತಿರುವಾಗ ಸಾತಲಿಂಗಪ್ಪ ಒಳಗಿನ ಕೋಣೆಯಲ್ಲಿ ಟವೆಲು ಮಡಚುತ್ತಿದ್ದ. ಅವನ ಜಾಗ ಅದೇ. ಕಾಕಾ ಮಾತಾಡಿದರೆ ಬಂದ ಗಿರಾಕಿ ಹೋಗುತ್ತಾನೆ ಎಂದು ಹುಡುಗರು ನಗುತ್ತ ಹೇಳಿ ಗಾದಿಯಿಂದ ಎಬ್ಬಿಸಿ ಅಲ್ಲಿ ಕೂಡಿಸಿದ್ದರು, ಅವನೂ ನಗುತ್ತಲೇ ಹೋಗಿ ಕೂತಿದ್ದ. ಆ ವ್ಯಾಪಾರಿ ನೀರು ಕುಡಿಯಲು ಒಳಗೆ ಬಂದವನು ಇವನ ತೊಡೆಯ ಮೇಲಿದ್ದ ಹಳೆಯ ಸಸ್ಯಶಾಸ್ತ್ರದ ಪುಸ್ತಕ ನೋಡಿದ. ಎರಡು ವರ್ಷ ಕಾಲೇಜು ಓದಿ, ಅಪ್ಪ ಸತ್ತನೆಂದು ಅಂಗಡಿಗೆ ಎಳೆತಂದ ಮೇಲೂ ಸಾತಲಿಂಗಪ್ಪ ಆ ಪುಸ್ತಕವನ್ನು ಬಿಟ್ಟಿರಲಿಲ್ಲ. ಹೂಜಿ ಗಿಡದ ಚಿತ್ರವಿದ್ದ ಪುಟ ತೆರೆದಿತ್ತು. ಇದು ನಮ್ಮ ಗುಡ್ಡದಲ್ಲಿ ಬೇಲಿಯ ಮಗ್ಗುಲಲ್ಲೇ ಬೆಳೆಯುತ್ತದೆ ಎಂದು ಆತ ಹಿಂದಿಯಲ್ಲಿ ಹೇಳಿ ಹೋದ. ಎರಡು ತಿಂಗಳಿಗೆ ರೈಲ್ವೆ ಪಾರ್ಸಲ್ಲಿನಲ್ಲಿ ಬಿದಿರಿನ ಬುಟ್ಟಿ ಬಂತು, ಹನ್ನೊಂದು ದಿನದ ದಾರಿ, ಹಸಿ ಹಾವಸೆಯಲ್ಲಿ ಸುತ್ತಿದ ಬೇರು. ಯಾರೋ ತನ್ನನ್ನು ಅಷ್ಟು ದೂರದಿಂದ ನೆನಪಿಟ್ಟರೆಂಬುದಕ್ಕೇ ಅವನ ಕಣ್ಣಲ್ಲಿ ನೀರು ಬಂದಿತ್ತು. ಆದರೆ ಮಳೆಯ ಗುಡ್ಡದ ಗಿಡಕ್ಕೆ ಸೊಲ್ಲಾಪುರವೆಂದರೆ ಹೆಂಚಿನ ಮೇಲೆ ಕೂಡಿಸಿದ ಹಾಗೆ. ಬಾವಿಯ ಸವಳು ನೀರಿಗೆ ಎಲೆಯ ಅಂಚು ಸುಟ್ಟಿತು. ನಳದ ನೀರಿಗೆ ಕುಂಡದ ಮೈಮೇಲೆ ಬಿಳಿ ಉಪ್ಪು ಕೂತಿತು. ಕೊನೆಗೆ ಬ್ಯಾಟರಿ ತುಂಬುವ ನಾಗಣ್ಣನ ಅಂಗಡಿಯಿಂದ ಭಟ್ಟಿ ಇಳಿಸಿದ ನೀರು ತರತೊಡಗಿದ. ಪ್ರತಿಸಲವೂ ನಾಗಣ್ಣ ನಾಲ್ಕು ಮಂದಿಯ ಮುಂದೆ, ಶೇಠಜಿ, ನೀರು ಒಯ್ಯಾಕತ್ತೀರಿ, ಮೋಟಾರು ಯಾವಾಗ ತರ್ತೀರಿ ಎಂದು ಕೇಳುತ್ತಿದ್ದ. ನಾಲ್ಕೂ ಮಂದಿ ನಗುತ್ತಿದ್ದರು. ಚೈತ್ರ ವೈಶಾಖದಲ್ಲಿ ಗಾಳಿಯೇ ಬೆಂಕಿಯಾದಾಗ ಅಂಗಡಿಯ ತಪ್ಪುನೇಯ್ಗೆಯ ಟವೆಲುಗಳನ್ನು ತೋಯಿಸಿ ಗಿಡದ ಸುತ್ತ ಪಡದೆ ಕಟ್ಟಿದ, ದಿನಕ್ಕೆ ಐದು ಸಲ ತೋಯಿಸಿದ. ಬಾಣಂತಿಯ ಕೋಣೆಗೂ ಇಷ್ಟು ಪಡದೆ ಕಟ್ಟಿರಲಿಕ್ಕಿಲ್ಲ ಎಂದು ಅಕ್ಕ ನಕ್ಕಳು. ಆ ಮನೆಯಲ್ಲಿ ಬಾಣಂತಿಯ ಕೋಣೆ ಎಂಬುದು ಆಗಿರಲೇ ಇಲ್ಲ. ಅವನೇನು ಉಮಾಬಾಯಿಗೆ ಎಂದಾದರೂ ಐದು ಸಲ, ಹೋಗಲಿ, ಒಂದು ಸಲ, ಸೆಕಿ ಆಗ್ತೈತೇನು ಎಂದು ಕೇಳಿದ್ದನೇ? ಪಡದೆ ಕಟ್ಟುವ ಕೈ ಅಲ್ಲಿಗೇ ನಿಂತಿತ್ತು.

ಗಿಡ ಸಾಯಲಿಲ್ಲ, ಆದರೆ ಹೂಜಿಯನ್ನೂ ಬಿಡಲಿಲ್ಲ. ಎರಡು ವರ್ಷ ಬರೀ ಎಲೆ, ಎಲೆಯ ತುದಿಗೆ ಒಣಗಿದ ದಾರದಂಥ ಬಳ್ಳಿ. ಬಚ್ಚಲಿನ ಹಂಡೆಯ ಹಬೆ ತಾಗಲಿ ಎಂದು ಕಿಟಕಿಕಟ್ಟೆಗೆ ಇಟ್ಟ ಮೇಲೆ ಮೊದಲ ಹೂಜಿ ಬಿಟ್ಟಿತು, ಹೆಬ್ಬೆರಳಷ್ಟು. ಮುಕ್ತಾಬಾಯಿ ಅದನ್ನು ನೋಡಿ ಬೆರಗಾಗಿ, ಬಿಸಿಲೂರಿಗೆ ಬರುವಾಗ ಶಾಣೆ ಗಿಡ ತನ್ನ ಗಿಂಡಿ ತಾನೇ ತಂದೈತಿ ಎಂದಳು. ನೀರು ಕುಡಿಯುವುದಕ್ಕೇನೋ ಎಂದು ಕೇಳಿದಳು. ಹೂಂ ಅಂದ. ಅಕ್ಕನಿಗೆ ಹೇಳಿದ ಮೊದಲ ಸುಳ್ಳು ಅದೇ. ಶಿವಪೂಜೆ ಮಾಡುವ, ತತ್ತಿಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮನೆಯಲ್ಲಿ ಇದು ಜೀವ ತಿನ್ನುವ ಗಿಡ ಎಂದು ಹೇಗೆ ಹೇಳುವುದು? ಅದಾಗಿ ಒಂದು ವರ್ಷಕ್ಕೆ ಅಕ್ಕನ ಮೊಣಕಾಲು ಬಾತು, ಹಿತ್ತಲಿನ ಮೂರು ಮೆಟ್ಟಿಲು ಇಳಿಯುವುದಾಗಲಿಲ್ಲ. ವ್ರತ ಮುರಿಯುತ್ತದೆಂದು ಅವಳು ಅತ್ತಳು, ಗಂಡ ಸತ್ತಾಗ ಅತ್ತದ್ದನ್ನು ಅವನು ಕಂಡಿರಲಿಲ್ಲ, ಇದನ್ನು ಕಂಡ. ಕೊನೆಗೆ ಅವಳೇ ದಾರಿ ಹುಡುಕಿದಳು. ಮಂಚದ ಮೇಲೆ ಕೂತು ರವೆಯ ಬಟ್ಟಲಿನ ಮೇಲೆ ಕೈಯಿಟ್ಟು ಹೆಸರು ತಾನು ಹೇಳುವುದು, ಒಯ್ದು ಹಾಕುವುದು ಅವನು. ಮೊದಲ ನಾಲ್ಕು ದಿನ ಕರಿಬೇವಿನ ಬುಡಕ್ಕೇ ಹಾಕಿದ. ಐದನೆಯ ದಿನ ಏನಾಯಿತೆಂದು ಅವನು ಸಾವಿರ ಸಲ ನೆನೆದಿದ್ದ. ಏನೂ ಆಗಿರಲಿಲ್ಲ. ಇರುವೆಗಳ ಸಾಲು ಗೋಡೆಯ ಬುಡದಲ್ಲಿ ಹರಿಯುತ್ತಿತ್ತು. ಮೇಲೆ ಕಿಟಕಿಯಲ್ಲಿ ಗಿಡ ಖಾಲಿ ಹೂಜಿ ಹಿಡಿದು ನಿಂತಿತ್ತು, ಹೊಸ ಎಲೆ ಬೆಳ್ಳಗೆ ಸೊರಗಿತ್ತು. ಅವನು ಒಳಗೆ ಹೋಗಿ ಬೆಲ್ಲದ ಚೂರನ್ನು ನೀರಲ್ಲಿ ಕಲಸಿ, ಬೆರಳು ಅದ್ದಿ, ಗೋಡೆಯ ಬುಡದಿಂದ ಕಿಟಕಿಕಟ್ಟೆಯ ತನಕ ಒಂದು ಗೆರೆ ಎಳೆದ. ಎದೆಯ ಎತ್ತರಕ್ಕೆ ಒಂದೇ ಒಂದು ಗೆರೆ. ಸಂಜೆ ಅಂಗಡಿಯಿಂದ ಬಂದು ನೋಡಿದರೆ ಸಾಲು ಗೆರೆಗುಂಟ ಏರಿ, ಕುಂಡ ಹತ್ತಿ, ಹೂಜಿಯ ಬಾಯಂಚಿನ ಸಿಹಿಗೆ ಮುತ್ತಿ, ಒಂದೊಂದೇ ಜಾರುತ್ತಿತ್ತು. ಸಪ್ಪಳವೇ ಇರಲಿಲ್ಲ. ಒಳಗೆ ಬಂದಾಗ ಅಕ್ಕ ಕೇಳಿದಳು, ಇರವಿ ಬಂದಿದ್ವೇನೋ? ಬಂದಿದ್ವು ಅಂದ. ಹೊಟ್ಟಿ ತುಂಬಿತೇನೋ? ತುಂಬಿತು ಅಂದ. ಯಾರ ಹೊಟ್ಟೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ರವೆಯನ್ನೂ ಅವನು ತಪ್ಪಿಸುತ್ತಿರಲಿಲ್ಲ, ಹಾಕುತ್ತಲೇ ಇದ್ದ. ಆದರೆ ಬುಡಕ್ಕಲ್ಲ, ಬಚ್ಚಲಿನ ಗೋಡೆಯ ಕೆಳಗೆ, ಗೆರೆಯ ಬಾಯಿಗೆ. ಗಿಡ ಒಂದು ವರ್ಷದಲ್ಲಿ ಮೂರರಷ್ಟಾಯಿತು. ಹೆಬ್ಬೆರಳಷ್ಟಿದ್ದ ಹೂಜಿ ಗೇಣುದ್ದವಾಯಿತು. ಅವನ ಬಾಳಿನಲ್ಲಿ ಅವನ ಕೈಯಿಂದ ಬೆಳೆದದ್ದು ಅದೊಂದೇ, ಅದನ್ನು ನೋಡಿದರೆ ಎದೆ ಉಬ್ಬುತ್ತಿತ್ತು, ಉಬ್ಬಿದ್ದಕ್ಕೇ ಮೈ ಹೇಸುತ್ತಿತ್ತು.

ಎಸ್.ಟಿ. ಗಾಡಿಯಲ್ಲಿ ಶ್ರಾವಣ ಶನಿವಾರದ ಗದ್ದಲ. ಅಕ್ಕನನ್ನು ಕಿಟಕಿಯ ಕಡೆಗೆ ಕೂಡಿಸಿ ತಾನು ಪಕ್ಕಕ್ಕೆ ಕೂತ. ಅವಳ ತೊಡೆಯ ಮೇಲೆ ಎರಡು ಚೀಲ. ಒಂದರಲ್ಲಿ ಹುರಿದ ರವೆ, ಸಕ್ಕರೆ, ಅಯ್ಯನವರಿಗೆ ಒಂದು ಚಾದರ. ಇನ್ನೊಂದನ್ನು ಅವಳು ಬಿಚ್ಚಿ ತೋರಿಸಿದಳು. ತೆಂಗಿನಕಾಯಿ, ಅರಿಷಿಣ ಕುಂಕುಮ, ಹಸಿರು ಇಳಕಲ್ ಸೀರೆ, ಮೇಲೊಂದು ಕುಪ್ಪಸದ ಖಣ. ಉಮಾಬಾಯಿಯ ಉಡಿ ತುಂಬಲಿಕ್ಕೆ. ಅಯ್ಯನವರಲ್ಲಿ ಮುಗಿಸಿಕೊಂಡು ಒಂದು ಗಂಟೆಯ ಗಾಡಿಗೆ ವಾಗದರಿಗೆ ಹೋಗುವುದು, ಶನಿ ಬಿಟ್ಟ ದಿನವೇ ಕರೆತರುವುದು ಎಂದು ಅವಳು ಯಾರಿಗೂ ಹೇಳದೆ ನಿಶ್ಚಯಿಸಿಕೊಂಡಿದ್ದಳು. ಸಾತಲಿಂಗಪ್ಪ ಖಣದ ಮಡಿಕೆಯನ್ನೇ ನೋಡುತ್ತ ಕೂತ. ಎಂಟು ವರ್ಷದಿಂದ ನೋಡದ ಮುಖ. ಉಮಾಬಾಯಿಯ ಕಿವಿಯ ಹತ್ತಿರ ಒಂದು ಮಚ್ಚೆಯಿತ್ತು, ಎಡಗಿವಿಯೋ ಬಲಗಿವಿಯೋ ನೆನಪಾಗಲಿಲ್ಲ. ಹೂಜಿಯ ಮುಚ್ಚಳದ ಕೆಳಗೆ ಎಷ್ಟು ಗೆರೆಗಳಿವೆ ಎಂದು ಕೇಳಿದ್ದರೆ ಕಣ್ಣು ಮುಚ್ಚಿ ಹೇಳುತ್ತಿದ್ದ. ಅವಳು ಬರುತ್ತಾಳೆಂದೇ ಇಟ್ಟುಕೊ. ಮತ್ತೆ ಬಾವಿಗೆ ಕಲ್ಲು ಒಗೆಯುತ್ತಾಳೆ, ಮತ್ತೆ ಕಾಯುತ್ತಾಳೆ. ಕುಂಭಾರಿಯಲ್ಲಿ ಗಾಡಿ ನಿಂತಾಗ, ಅಕ್ಕಾ ಎಂದ. ಏನಪಾ ಎಂದು ಅವಳು ತಿರುಗಿದಳು. ಅವಳ ಕಣ್ಣು ಎಷ್ಟು ತಿಳಿಯಾಗಿದ್ದವೆಂದರೆ, ಗಾಳಿ ಬಾಳ ಬಡಿತೈತಿ, ಕಿಡಕಿ ಹಾಕಲೇನು ಎಂದುಬಿಟ್ಟ. ಗಾಳಿ ಇರಲಿಲ್ಲ, ಗಾಡಿ ನಿಂತಿತ್ತು. ಹಾಕಪಾ ಎಂದಳು ಅಕ್ಕ. ಅವನು ಎದ್ದು ನಿಂತು, ತುಕ್ಕು ಹಿಡಿದ ಕಿಟಕಿಯನ್ನು ಕೆಳಗೆ ಎಳೆದು, ಮುಂದಿನ ದಾರಿಯೆಲ್ಲ ಸೆಕೆಯಲ್ಲಿ ಬೆವರುತ್ತ ಕೂತ.

ಪಂಚಾಂಗದ ಅಯ್ಯನವರ ಮನೆ ಅಕ್ಕಲಕೋಟೆಯ ಹಳೆ ಪೇಟೆಯ ಓಣಿಯಲ್ಲಿತ್ತು. ಹಿತ್ತಲಿನಲ್ಲಿ ಆಲದ ಮರ, ಅದರ ಬೇರಿನ ಸಂದಿಯಲ್ಲಿ ಇರುವೆಯ ಗೂಡು. ಅಯ್ಯನವರಿಗೆ ಎಂಬತ್ತು ದಾಟಿತ್ತು, ಆದರೂ ಮುಕ್ತಾಬಾಯಿಯ ಗುರುತು ಹತ್ತಿತು, ಚಾದರನ್ನು ಕೈಯಿಂದ ಸವರಿ ನೂಲು ಚಲೋ ಅದ ಎಂದರು. ಪದ್ಧತಿ ಸರಳವಾಗಿತ್ತು. ಕಡೆಯ ಹಿಡಿಯನ್ನು ಗೂಡಿನ ಬಾಯಿಗೆ ಹಾಕಬೇಕು, ಬಲಗೈಯಲ್ಲಿ ನೀರು ಹಿಡಿಯಬೇಕು. ನೀಡಿದ್ದು ಮುಟ್ಟಿತೋ ಎಂದು ಅಯ್ಯನವರು ಮೂರು ಸಲ ಕೇಳುತ್ತಾರೆ, ನೀಡಿದ ಕೈಯವರು ಮುಟ್ಟಿತು ಎಂದು ಮೂರು ಸಲ ಹೇಳಿ ನೀರು ಬಿಡಬೇಕು. ಯಾರ ಕೈಯಿಂದ ಎಷ್ಟು ದಿನ ನೀಡಿದ್ದೋ ಅವರೇ ಹೇಳಬೇಕು, ಒಬ್ಬರ ಮಾತು ಇನ್ನೊಬ್ಬರಿಗೆ ನಡೆಯುವುದಿಲ್ಲ. ಮೊದಲು ಮುಕ್ತಾಬಾಯಿ. ಬಾತ ಮೊಣಕಾಲನ್ನು ಹೇಗೋ ಮಡಚಿ ಬೇರಿನ ಮೇಲೆ ಕೂತು, ಮುಟ್ಟಿತು ಎಂದಳು. ಎರಡನೆಯ ಸಲ ಅವಳ ದನಿ ಒಡೆಯಿತು. ಮೂರನೆಯ ಸಲ ಬರೀ ತುಟಿ ಅಲುಗಿತು, ಅಯ್ಯನವರು ಸಾಕು ಎಂದು ತಲೆಯಾಡಿಸಿದರು. ನೀರು ಬಿಟ್ಟು ಎದ್ದವಳ ಮುಖದಲ್ಲಿ ಹತ್ತೊಂಬತ್ತರ ಹುಡುಗಿಯ ಕಳೆಯಿತ್ತು. ಈಗ ಸಾತಲಿಂಗಪ್ಪ ಕೂತ. ಅಂಗೈಯಲ್ಲಿ ನೀರು ತಣ್ಣಗಿತ್ತು. ಅವನು ಹಾಕಿದ ರವೆಯ ಹಿಡಿಗೆ ಇರುವೆಗಳು ಬಂದವು, ಮುಂದಿನದೊಂದು ನಿಂತು ಮೀಸೆ ಆಡಿಸಿ, ತನಗಿಂತ ದೊಡ್ಡ ಕಾಳನ್ನು ಎತ್ತಿಕೊಂಡು ಗಡಿಬಿಡಿಯಿಂದ ಮನೆಯ ಕಡೆಗೆ ತಿರುಗಿತು. ಇದು ಸೊಲ್ಲಾಪುರದ ಇರುವೆಯಲ್ಲ, ಇದಕ್ಕೆ ಏನೂ ಗೊತ್ತಿಲ್ಲ ಎಂದು ಅವನಿಗೆ ಅನ್ನಿಸಿತು. ನೀಡಿದ್ದು ಮುಟ್ಟಿತೋ ಎಂದರು ಅಯ್ಯನವರು. ಅವನು ಆ ಇರುವೆಯನ್ನೇ ನೋಡುತ್ತಿದ್ದ. ಕಿವಿ ಕೇಳಿಸಲಿಲ್ಲವೇನೋ ಎಂದು ಅಯ್ಯನವರು ಎರಡನೆಯ ಸಲ ಗಟ್ಟಿಯಾಗಿ ಕೇಳಿದರು. ಬೆರಳಿನ ಸಂದಿಯಿಂದ ನೀರು ತಾನಾಗಿಯೇ ಸೋರುತ್ತಿತ್ತು. ಹಿಂದಿನಿಂದ ಅಕ್ಕ, ಹೇಳಪಾ, ನಾಚಬ್ಯಾಡ ಎಂದು ಮೆಲ್ಲಗೆ ಅಂದಳು.

"ಇಲ್ಲ," ಎಂದ ಸಾತಲಿಂಗಪ್ಪ. "ಮುಟ್ಟಿಲ್ಲರಿ."

ಅಲ್ಲಿಂದ ಮುಂದೆ ಅವನು ಎಲ್ಲವನ್ನೂ ಹೇಳಿದ, ನೆಲ ನೋಡುತ್ತ, ಅಂಗಡಿಯಲ್ಲಿ ಟವೆಲಿನ ಥಾನು ಎಣಿಸುವ ಸಪ್ಪೆ ದನಿಯಲ್ಲಿ. ಗಿಡ ತಿನ್ನುವುದು ಏನೆಂದು, ಬೆಲ್ಲದ ಗೆರೆ, ಒಂದು ವರ್ಷ, ದಿನಾ. ಇಷ್ಟು ಉದ್ದ ಅವನು ಮಾತಾಡಿದ್ದು ಅವನಿಗೇ ನೆನಪಿರಲಿಲ್ಲ. ಅಯ್ಯನವರು ಕೇಳಿ, ಗಡ್ಡ ನೀವಿಕೊಂಡು, ಆರೂವರೆ ವರ್ಷದ್ದು ಮುಟ್ಟಿದೆಯಲ್ಲ ತಾಯಿ, ಶನಿ ಮನೆ ಬಿಟ್ಟಾಯಿತು, ಉಳಿದದ್ದಕ್ಕೆ ಒಂದು ಶಾಂತಿ ಮಾಡಿಸಿದರಾಯಿತು ಎಂದು ಮುಕ್ತಾಬಾಯಿಗೆ ಸಮಾಧಾನ ಹೇಳಿದರು. ಅವಳು ಕೈಮುಗಿದು ಚೀಲ ಎತ್ತಿಕೊಂಡಳು. ಬಸ್ ನಿಲ್ದಾಣದಲ್ಲಿ ವಾಗದರಿಯ ಗಾಡಿ ಬಂದು ನಿಂತಿತ್ತು, ಕಂಡಕ್ಟರ್ ಚಲಾ ಚಲಾ, ಲೌಕರ ಎಂದು ಮರಾಠಿಯಲ್ಲಿ ಅವಸರಪಡಿಸಿ ಕೂಗುತ್ತಿದ್ದ. ಅವಳು ಅದರ ಮಗ್ಗುಲಿನಿಂದಲೇ ನಡೆದುಹೋಗಿ ಸೊಲ್ಲಾಪುರದ ಗಾಡಿ ಹತ್ತಿದಳು. ಉಡಿಯ ಚೀಲ ಹಾಗೇ ಕಟ್ಟಿದ್ದು ತೊಡೆಯ ಮೇಲೆ. ದಾರಿಯುದ್ದಕ್ಕೂ ಅವನು ಅವಳ ಬೈಗುಳಕ್ಕೆ ಕಾದ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ತಾನು ಒಗೆದ ಕಲ್ಲಿಗೆ ಸಪ್ಪಳ ಬಾರದೆ ಕಾಯುವುದೆಂದರೆ ಹೀಗಿರುತ್ತದೆಯೇ ಎಂದು ಸಾತಲಿಂಗಪ್ಪನಿಗೆ ಎಂಟು ವರ್ಷದ ಮೇಲೆ ತಿಳಿಯಿತು. ತಿಳಿದದ್ದರ ಬೆನ್ನಿಗೇ ಇನ್ನೊಂದು ವಿಚಾರ ಬಂದು ಕುಟುಕಿತು. ತಾನು ನಿಜ ಹೇಳಿದ್ದು ನಿಜಕ್ಕಾಗಿಯೋ, ವಾಗದರಿಯ ಗಾಡಿ ತಪ್ಪಿಸುವುದಕ್ಕೋ? ಅಂಗೈಯಲ್ಲಿ ನೀರಿದ್ದಾಗ ಅವನ ಕಣ್ಣ ಮುಂದೆ ಬಂದದ್ದು ಸತ್ತ ಇರುವೆಗಳೋ, ಬಾಗಿಲಲ್ಲಿ ನಿಂತ ಉಮಾಬಾಯಿಯೋ? ಒಂದು ಒಳ್ಳೆಯ ಕೆಲಸವನ್ನೂ ಪೂರಾ ಒಳ್ಳೆಯದಾಗಿ ಮಾಡಲಾರದ ಮನುಷ್ಯ ಎಂದು ತನ್ನನ್ನು ತಾನೇ ಬೈದುಕೊಂಡ, ಆ ಬೈಗುಳದಲ್ಲೂ ತುಸು ಸುಖವಿತ್ತು, ಅದಕ್ಕೂ ಬೈದುಕೊಂಡ.

ಮನೆಗೆ ಬಂದಾಗ ಇಳಿಹೊತ್ತು. ಮುಕ್ತಾಬಾಯಿ ಕಾಲು ತೊಳೆದುಕೊಂಡು, ಉಡಿಯ ಚೀಲವನ್ನು ಅದೇ ಹಳೆಯ ಟ್ರಂಕಿನೊಳಗಿಟ್ಟು, ಬಚ್ಚಲಿನ ಬಾಗಿಲಿಗೆ ಬಂದು ನಿಂತು, ತೋರಸು ಎಂದಳು. ಅಕ್ಕಲಕೋಟೆಯಿಂದ ಅದೇ ಅವಳ ಮೊದಲ ಮಾತು. ಅವನು ಕುಂಡವನ್ನು ಇಳಿಸಿ ಅವಳ ಮುಂದಿಟ್ಟ. ಅವಳು ಕನ್ನಡಕ ಏರಿಸಿಕೊಂಡು ಕೂತು, ದೊಡ್ಡ ಹೂಜಿಯನ್ನು ಕೂಸಿನ ಗದ್ದ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ಒಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಹಂಡೆಯ ಒಲೆಯಲ್ಲಿ ಬೂದಿ ಮಾತ್ರವಿತ್ತು. ಅವನು ನಿಂತೇ ಇದ್ದ, ಸಾಲಿಯಲ್ಲಿ ಬರೆಯುವ ಪಾಟಿ ಒಡೆದುಕೊಂಡು ಬಂದ ದಿನ ಇದೇ ಬಾಗಿಲಲ್ಲಿ ನಿಂತಿದ್ದು ನೆನಪಾಯಿತು. ಅಂದು ಅಕ್ಕ ಬಡಿದು, ಆಮೇಲೆ ತುಪ್ಪ ಅನ್ನ ಕಲಸಿ ಉಣಿಸಿದ್ದಳು.

"ಇಷ್ಟ ಸಣ್ಣ ಗಿಂಡಿಯೊಳಗ ಎಷ್ಟು ಮಂದಿ," ಎಂದಳು.

ಅವನು ತಡವರಿಸಿ, ನಾಳೆಯೇ ಗಿಡ ಕಿತ್ತು ಒಗೆಯುತ್ತೇನೆ ಎಂದ. ಹೇಳುತ್ತಲೇ ಬಗ್ಗಿ ಕುಂಡದ ಅಂಚು ಹಿಡಿದುಕೊಂಡ. ಮುಕ್ತಾಬಾಯಿ ತಲೆ ಅಲ್ಲಾಡಿಸಿದಳು. ಅದರ ತಪ್ಪೇನೈತಿ, ಹಸದದ್ದು ತಿಂದೈತಿ, ಅದನ್ನ ಕೊಂದು ಇನ್ನೊಂದ ಜೀವ ಯಾಕ ಕಟ್ಟಿಕೋತಿ ಎಂದಳು. ಬೇರೆ ಕಡೆ ಇಡು, ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಒಮ್ಮೆಲೇ ಹಗುರವಾಗಿ, ಮೂರ್ಖನ ಹಾಗೆ ನಗು ಬಂದು, ಹಂಗಾದರ ನಾಳೆಯಿಂದ ಮತ್ತೆ ಕರಿಬೇವಿನ ಬುಡಕ್ಕೇ ಹಾಕುತ್ತೇನೆ, ಬಿಟ್ಟುಹೋದ ವರ್ಷದ್ದೂ ತುಂಬಿಸುತ್ತೇನೆ, ನೀನು ಬಟ್ಟಲ ಮೇಲೆ ಕೈಯಿಟ್ಟು ಹೆಸರು ಹೇಳು ಸಾಕು ಎಂದು ಗಳಗಳ ಮಾತಾಡಿದ. ಅವಳು ಗೋಡೆ ಹಿಡಿದು ಎದ್ದಳು. ಅವನು ಚಾಚಿದ ಕೈಯನ್ನು ನೋಡಿದಳು, ಹಿಡಿಯಲಿಲ್ಲ.

"ಬ್ಯಾಡ. ನಾನ ಹಾಕ್ತೀನಿ," ಎಂದಳು. "ಇಷ್ಟು ದಿನ ನಿನಗಂತ ಹಾಕಿದೆ, ತಮ್ಮಾ. ನಿನಗಂತ ಬಂದು ಸತ್ತು ಹ್ವಾದ್ವು. ಇನ್ನ ಅವಕ್ಕಂತ ಹಾಕ್ತೀನಿ."

ಅವನಿಗೆ ಆ ಮಾತಿನ ತೂಕ ಆಗ ತಿಳಿಯಲಿಲ್ಲ. ಊಟಕ್ಕೆ ಬಡಿಸುವಾಗ ಅವಳು ಎಂದಿನಂತೆ ಎರಡನೆಯ ರೊಟ್ಟಿಗೆ ಕೇಳದೆಯೇ ಬೆಣ್ಣೆ ಹಾಕಿದಳು, ಅವನು ಎಲ್ಲ ಸರಿಯಾಯಿತು ಎಂದುಕೊಂಡ. ಕುಂಡವನ್ನು ಪಡಸಾಲೆಯ ಮೂಲೆಗೆ ತಂದಿಟ್ಟು, ಸುತ್ತ ಒದ್ದೆ ಟವೆಲು ಕಟ್ಟಿದ. ಬಚ್ಚಲಿನ ಗೋಡೆಯ ಮೇಲಿನ ಬೆಲ್ಲದ ಗೆರೆಯನ್ನು ತೆಂಗಿನ ನಾರು ಹಾಕಿ ತಿಕ್ಕಿದ. ಗೆರೆ ಹೋಯಿತು, ಸುಣ್ಣವೂ ಹೋಗಿ ಅಲ್ಲಿ ಹೊಸದೊಂದು ಮಣ್ಣಿನ ಬಣ್ಣದ ಗೆರೆ ಉಳಿಯಿತು.

ಮರುದಿನ ರವಿವಾರ. ಹೊತ್ತು ಮೂಡುವ ಮುಂದೆ ಬಚ್ಚಲಲ್ಲಿ ಹಂಡೆಯಿಂದ ನೀರು ತೋಡಿಕೊಳ್ಳುತ್ತಿದ್ದಾಗ ಹಿತ್ತಲಿನ ಬಾಗಿಲು ಕಿರುಗುಟ್ಟಿತು. ಖಾಲಿಯಾದ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಮುಕ್ತಾಬಾಯಿ ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈ ಗೋಡೆಗೆ, ಕೂಸು ಇಳಿಯುವ ಹಾಗೆ ಎರಡೂ ಕಾಲನ್ನು ಒಂದೊಂದು ಮೆಟ್ಟಿಲಿಗೆ ಕೂಡಿಸಿ ಕೂಡಿಸಿ ಇಳಿದಳು. ಮೂರು ಮೆಟ್ಟಿಲಿಗೆ ಮೂರು ಸಲ ನಿಂತಳು. ಹೋಗಿ ಹಿಡಿಯಬೇಕೆಂದು ಅವನಿಗೆ ಅನ್ನಿಸಿತು, ತೋಯ್ದ ಮೈ, ಉಟ್ಟ ತುಂಡು ಪಂಚೆ, ನಿನ್ನೆ ಹಿಡಿಯದ ಕೈ. ಅವಳು ಕರಿಬೇವಿನ ಬುಡಕ್ಕೆ ಬಗ್ಗಿದಳು. ಸಾತಲಿಂಗಪ್ಪ ತುಂಬಿದ ತಂಬಿಗೆಯನ್ನು ಹಾಗೇ ಎದೆಯ ಹತ್ತಿರ ಹಿಡಿದು, ಮೈಮೇಲೆ ನೀರು ಸುರಿದರೆ ಕೇಳಿಸಲಿಕ್ಕಿಲ್ಲವೆಂದು ಸುರಿಯದೆ, ಕಿವಿಗೊಟ್ಟು ನಿಂತ. ಏಳೂವರೆ ವರ್ಷ, ಒಂದು ದಿನವೂ ತಪ್ಪದೆ, ಜಗತ್ತಿನಲ್ಲಿ ಒಂದು ಬಾಯಿ ಈ ಹೊತ್ತಿಗೆ ಅವನ ಹೆಸರು ಹೇಳಿತ್ತು. ಅಂಗಡಿಯಲ್ಲಿ ಅವನು ಕಾಕಾ, ನಾಗಣ್ಣನಿಗೆ ಶೇಠಜಿ, ಉಳಿದವರಿಗೆ ಏನೂ ಅಲ್ಲ.

"ಬರ್ರಿ," ಎಂದಳು ಮುಕ್ತಾಬಾಯಿ, ರವೆ ಉದುರಿಸುತ್ತ. "ತಿನ್ರಿ."

ಅವನು ಕಾದ. ಅವಳು ಬಟ್ಟಲನ್ನು ಬುಡಮೇಲು ಮಾಡಿ ಬೆರಳಿನಿಂದ ಬಡಿದಳು, ಅಂಟಿದ ಸಕ್ಕರೆಯೂ ಉದುರಲೆಂದು. ಕೈ ಜಾಡಿಸಿಕೊಂಡಳು. ಗೋಡೆ ಹಿಡಿದು ಎದ್ದು, ಮೂರು ಮೆಟ್ಟಿಲಿಗೆ ಮೂರು ಸಲ ನಿಂತು, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆಚೆಮನೆಯ ಕಸ್ತೂರಬಾಯಿ ಅಂಗಳಕ್ಕೆ ನೀರು ಹಾಕುವ ಸಪ್ಪಳ ಕೇಳಿಸಿತು. ಇರುವೆಗಳ ಸಾಲು ಗೋಡೆಯ ಕಡೆಗೆ ಬಾರದೆ ನೆಟ್ಟಗೆ ಕರಿಬೇವಿನ ಬುಡಕ್ಕೆ ಹೋಗುತ್ತಿತ್ತು. ಹಂಡೆಯ ನೀರು ಆರುವ ತನಕ ಸಾತಲಿಂಗಪ್ಪ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದ.